ಪರಿಸರ ಅರ್ಥಶಾಸ್ತ್ರಕ್ಕೆ ಅಧ್ಯಾಪಕರನ್ನು ಆರಿಸುವುದು ಹೇಗೆ? ಅನುಭವ ತಿಳಿಸಿ

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಖಾಸಗಿ ಸ್ವಾಯತ್ತ ಕಾಲೇಜು. ಎಂ.ಎ. ತರಗತಿಗೆ ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲ ಅರ್ಥಶಾಸ್ತ್ರ ಕಲಿಸುವ ಸಹಾಯಕ ಪ್ರಾಧ್ಯಾಪಕರು ಬೇಕಾಗಿದ್ದಾರೆ. ಆಯ್ಕೆ ಸಮಿತಿಯಲ್ಲಿ ನಾನಿದ್ದೇನೆ, ಆದರೆ ನನ್ನ ವಿಷಯ ಸಾರ್ವಜನಿಕ ಹಣಕಾಸು. ಅಭ್ಯರ್ಥಿಗೆ ವಿಷಯ ನಿಜವಾಗಿ ಗೊತ್ತಿದೆಯೇ ಎಂದು ತಿಳಿಯುವುದು ಹೇಗೆ?

ಕೋಲಾರ ಕಡೆಯ ನಿವೃತ್ತ ಪ್ರಾಧ್ಯಾಪಕ: ಮೇಡಂ, ಒಮ್ಮೆ ನಾವು ಕಡತದ ದಪ್ಪ ನೋಡಿ ಆರಿಸಿ ಕೆಟ್ಟೆವು. ಲೇಖನಗಳು ಹದಿನೆಂಟು, ಎಲ್ಲದರ ಶೀರ್ಷಿಕೆಯಲ್ಲೂ ‘ಸುಸ್ಥಿರ’. ತರಗತಿಯಲ್ಲಿ ಮಾತ್ರ ಪಿಗೂ ತೆರಿಗೆಯನ್ನು (ಬೇರೆಯವರಿಗೆ ಮಾಡುವ ಹಾನಿಗೆ ತಕ್ಕಂತೆ ಹಾಕುವ ತೆರಿಗೆ) ಟಿಪ್ಪಣಿ ನೋಡಿ ಬರೆಸುತ್ತಿದ್ದರು. ಮುಂದಿನ ಸಲ ಮಾದರಿ ಪಾಠದ ವಿಷಯವನ್ನು ನಾವೇ ಕೊಟ್ಟೆವು: “ರಾಜ್ಯದಲ್ಲಿ 2008ರಿಂದ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ನಾನು ಸಾವಿರದ ಇನ್ನೂರು ಅಡಿ ಕೊರೆಸಿದೆ, ಪಕ್ಕದವನ ಕೊಳವೆಬಾವಿ ಬತ್ತಿತು. ಹದಿನೈದು ನಿಮಿಷ ಪಾಠ ಮಾಡಿ.”

ಮೂವರು ಅಂತರ್ಜಲ ಉಳಿಸಿ ಎಂದು ಭಾಷಣ ಮಾಡಿದರು. ನಾಲ್ಕನೆಯಾಕೆ ಹಲಗೆಯ ಮೇಲೆ ಎರಡು ಗೆರೆ ಎಳೆದರು. ರೈತ ತಾನು ತೆರುವ ವೆಚ್ಚ ಒಂದು, ಪಕ್ಕದವನ ಬತ್ತಿದ ಬಾವಿಯನ್ನೂ ಸೇರಿಸಿದ ವೆಚ್ಚ ಇನ್ನೊಂದು. ವಿದ್ಯುತ್ ಉಚಿತವಾದೊಡನೆ ಮೊದಲನೆಯ ಗೆರೆ ಕೆಳಗಿಳಿಯುತ್ತದೆ, ನಡುವಿನ ಅಂತರ ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂದರು. “ತೆರಿಗೆ ಹಾಕಿದರೆ ಸರಿಹೋಗುತ್ತದೆಯೇ?” ಎಂದು ಕೆಣಕಿದೆ. 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರ ವಾದ ಎತ್ತಿದರು: ಹಂಚಿಕೊಂಡು ಬಳಸುವ ಸಂಪನ್ಮೂಲಕ್ಕೆ ಊರವರೇ ಕಟ್ಟುಪಾಡು ಮಾಡಿಕೊಂಡು ನಡೆಸಬಲ್ಲರು. ಅದಕ್ಕೆ ನಮ್ಮ ಕೆರೆಗಳ ನೀರುಗಂಟಿಯ, ಅಂದರೆ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನ, ಉದಾಹರಣೆ. ಆಮೇಲೆ ನಮ್ಮನ್ನೇ ಕೇಳಿದರು, “ಕೆರೆಯ ನೀರು ಕಣ್ಣಿಗೆ ಕಾಣುತ್ತದೆ, ತೂಬು ಮುಚ್ಚಬಹುದು. ಬಂಡೆಯ ಬಿರುಕಿನ ನೀರಿಗೆ ನೀರುಗಂಟಿ ಯಾರು?” ನಾನು ಬೇರೆ ಪ್ರಶ್ನೆ ಕೇಳಲಿಲ್ಲ.

ಕೃಷಿ ಅರ್ಥಶಾಸ್ತ್ರದವರು: ಜಾಹೀರಾತಿನಲ್ಲಿ ಬರಿಯ ‘ಎಂ.ಎ. ಅರ್ಥಶಾಸ್ತ್ರ’ ಎಂದು ಬರೆದರೆ ನಮ್ಮಂಥವರು ಅರ್ಜಿಯನ್ನೇ ಹಾಕುವುದಿಲ್ಲ. ನೀರು, ಕಾಡು, ಮಣ್ಣಿನ ಲೆಕ್ಕ ಮಾಡಿದವರು ಹೆಚ್ಚಾಗಿ ನಮ್ಮಲ್ಲೇ ಸಿಗುತ್ತಾರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಸಂಬಂಧಿತ ವಿಷಯದ ಸ್ನಾತಕೋತ್ತರ ಪದವಿಯನ್ನೂ ಒಪ್ಪುತ್ತದೆ. ನಿಮ್ಮ ವಿಶ್ವವಿದ್ಯಾಲಯದಿಂದ ಮೊದಲೇ ಲಿಖಿತವಾಗಿ ಒಪ್ಪಿಗೆ ತರಿಸಿಕೊಳ್ಳಿ.

ಅಭ್ಯರ್ಥಿಯಾಗಿದ್ದವಳು: ಮೂರು ಸಂದರ್ಶನ ಕಂಡಿದ್ದೇನೆ. ಎರಡರಲ್ಲಿ ಓಝೋನ್ ಪದರ, ಆಮ್ಲಮಳೆ ಕೇಳಿದರು. ಅದು ಪರಿಸರ ವಿಜ್ಞಾನ. ರಂಗನತಿಟ್ಟಿನ ಬೆಲೆಯನ್ನು ಹೇಗೆ ಅಳೆಯುವಿರಿ ಎಂದು ಕೇಳಿ ನೋಡಿ. ಪ್ರವೇಶ ಶುಲ್ಕ ಹೇಳಿದವರನ್ನು ಬಿಡಿ. ಪ್ರವಾಸ ವೆಚ್ಚದ ವಿಧಾನ (ಅಲ್ಲಿಗೆ ಹೋಗಿಬರಲು ಜನ ವ್ಯಯಿಸುವ ಹಣ, ಸಮಯದಿಂದ ಬೆಲೆ ಅಂದಾಜಿಸುವುದು) ಹೇಳಿದವರಿಗೆ ಮುಂದಿನ ಪ್ರಶ್ನೆ: ಅಲ್ಲಿಗೆ ಎಂದೂ ಹೋಗದವರಿಗೂ ಆ ಹಕ್ಕಿಗಳು ಉಳಿಯಬೇಕೆಂಬ ಆಸೆಯಿದ್ದರೆ? ಇನ್ನೊಂದು ಮಾತು, ಸಂಬಳವನ್ನು ಮೊದಲೇ ತಿಳಿಸಿ. ಸಸಿ ನೆಡಿಸುವುದು, ನ್ಯಾಕ್ (ಕಾಲೇಜಿಗೆ ಶ್ರೇಣಿ ಕೊಡುವ ಮಂಡಳಿ) ಕಡತ ತುಂಬಿಸುವುದು ಕೂಡ ಅವರದೇ ತಲೆಗೆ ಎಂದಾದರೆ ಅದನ್ನೂ.

ಅರ್ಥಮಾಪನಶಾಸ್ತ್ರ (ಇಕನಾಮೆಟ್ರಿಕ್ಸ್) ಕಲಿಸುವವನು: ಕೋಲಾರದ ಸರ್ ಹೇಳಿದ್ದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮಾದರಿ ಪಾಠದಲ್ಲಿ ಮಾತುಗಾರರೂ ಗೆಲ್ಲುತ್ತಾರೆ. ಬಳ್ಳಾರಿಯ ಅದಿರನ್ನು ಈಗಲೇ ಅಗೆಯುವುದೋ, ನೆಲದಲ್ಲೇ ಬಿಡುವುದೋ? ಬಡ್ಡಿದರ ಶೇ 5 ಮತ್ತು ಶೇ 10 ಇಟ್ಟು ಕಾಗದದ ಮೇಲೆ ಮಾಡಿಸಿ. 1931ರ ಹೋಟೆಲಿಂಗ್ ನಿಯಮ (ನೆಲದಲ್ಲಿ ಉಳಿಸಿದ ಅದಿರಿನ ನಿವ್ವಳ ಬೆಲೆ ಬಡ್ಡಿದರದಷ್ಟೇ ಏರಬೇಕು ಎನ್ನುವುದು) ಬಾಯಿಪಾಠವಾಗಿದೆಯೋ, ಅರ್ಥವಾಗಿದೆಯೋ ಐದು ನಿಮಿಷದಲ್ಲಿ ತಿಳಿಯುತ್ತದೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಜಾಹೀರಾತಿನ ಕರಡು ತಿದ್ದಿದೆ. ಕೊಳವೆಬಾವಿಯ ಪಾಠವೂ ಖಚಿತ. ನಮ್ಮ ಸಮಿತಿಯ ಅಧ್ಯಕ್ಷರ ತೋಟದಲ್ಲೇ ಐದು ಕೊರೆಸಿದ್ದಾರೆ, ಅವರಿಗೆ ಮೊದಲೇ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.