ಸಂಶೋಧನೆಯ ಬಗ್ಗೆ ವಿಡಿಯೊ ಮಾಡಿದವರು ಅನುಭವ ತಿಳಿಸುವಿರಾ?

ಪ್ರಶ್ನೆ (ಮೀನುಗಾರಿಕೆ ಸಂಶೋಧಕಿ, ಮಂಗಳೂರು)
ಬೂತಾಯಿ ಮೀನಿನ ಮರಿಗಳು ಬಲೆಗೆ ಬಿದ್ದು ಮೀನುಹಿಟ್ಟಿನ ಕಾರ್ಖಾನೆ ಸೇರುವುದರ ಕುರಿತು ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ದೋಣಿಗಳು ದಡದಲ್ಲಿರುವ 61 ದಿನಗಳಲ್ಲಿ ಮೀನುಗಾರರಿಗೆ ತೋರಿಸಲು ಐದು ನಿಮಿಷದ ವಿಡಿಯೊ ಬೇಕು. ಕೈಯಲ್ಲಿರುವುದು 40,000 ರೂಪಾಯಿ. ವಿಡಿಯೊದವರನ್ನು ಕರೆಸಲೇ, ಮೊಬೈಲಿನಲ್ಲೇ ಮಾಡಲೇ?

ಭೂವಿಜ್ಞಾನ ಅಧ್ಯಾಪಕ, ಉಡುಪಿ
ಕರೆಸಿ ಕೈಸುಟ್ಟುಕೊಂಡವನು ನಾನು. ಮಲ್ಪೆಯ ಆಚೆಗಿರುವ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯಿಂದ ಹುಟ್ಟಿದವು ಎಂಬುದನ್ನು ಊರಿನವರಿಗೆ ತಿಳಿಸಬೇಕೆಂದು ಹೊರಟೆ. ಇಬ್ಬರು ಕ್ಯಾಮೆರಾದವರಿಗೆ ಎರಡು ದಿನಕ್ಕೆ 28,000, ಎಡಿಟಿಂಗಿಗೆ 15,000, ದೋಣಿಗೆ 6,500, ಊಟತಿಂಡಿಗೆ 2,140, ಒಟ್ಟು 51,640 ರೂಪಾಯಿ. ಕಾಲರ್ ಮೈಕಿಗೆ ಗಾಳಿ ತಡೆಯುವ ತುಪ್ಪಳದ ಹೊದಿಕೆಯನ್ನು ಅವರು ತಂದಿರಲಿಲ್ಲವಾದ್ದರಿಂದ, ನಾನು ಬಿಸಿಲಿನಲ್ಲಿ ನಿಂತು ಆಡಿದ 19 ನಿಮಿಷಗಳ ಮಾತಿನಲ್ಲಿ ಕೇಳಿಸಿದ್ದು ಗೊರಗೊರ ಸದ್ದು ಮಾತ್ರ. ಅಷ್ಟರಲ್ಲಿ ಮಳೆಗಾಲ ಬಂದು ದ್ವೀಪದ ದೋಣಿಗಳು ನಿಂತವು. ಕೊನೆಗೆ ಮನೆಯ ಕೋಣೆಯಲ್ಲಿ ತಲೆಯ ಮೇಲೆ ಹೊದಿಕೆ ಹೊದ್ದುಕೊಂಡು ಧ್ವನಿ ಮುದ್ರಿಸಿದೆ. ಕರಗಿದ ಶಿಲೆ ತಣಿಯುವಾಗ ಕುಗ್ಗಿ, ಬಿರುಕುಗಳು ಒಂದನ್ನೊಂದು ಕೂಡಿ ಐದಾರು ಮೂಲೆಯ ಕಂಬಗಳಾಗುವ ಭಾಗ, ಅಂದರೆ ಇಡೀ ಕಥೆಯ ಜೀವ, 40 ಸೆಕೆಂಡಿಗೆ ಇಳಿದಿತ್ತು. ಕೊಳಲಿನ ಹಿನ್ನೆಲೆಯಲ್ಲಿ ಸೂರ್ಯಾಸ್ತ ಮಾತ್ರ ಒಂದೂವರೆ ನಿಮಿಷ ಉಳಿದಿತ್ತು. ಮದುವೆ ವಿಡಿಯೊದವರಿಗೆ ವಿಜ್ಞಾನ ಒಪ್ಪಿಸಬೇಡಿ.

ಸಸ್ಯರೋಗ ವಿಜ್ಞಾನಿ, ಮಂಗಳೂರು
ನಾನು ಮೊಬೈಲಿನಲ್ಲೇ ಮಾಡಿದೆ, ಅದರ ಬಗ್ಗೆ ಹೆಮ್ಮೆಯಿದೆ. ಖರ್ಚಾದದ್ದು ಮೈಕಿಗೆ 1,850, ಸ್ಟ್ಯಾಂಡಿಗೆ 900 ರೂಪಾಯಿ. ವಿಷಯ ಅಡಿಕೆಯ ಕೊಳೆರೋಗ. ಮೊದಲ ಮೂರು ಪ್ರಯತ್ನಗಳಲ್ಲಿ ನಾನೇ ಕ್ಯಾಮೆರಾದ ಮುಂದೆ ನಿಂತು ಪಾಠ ಮಾಡಿದೆ. ಮನೆಯವರೂ ಪೂರ್ತಿ ನೋಡಲಿಲ್ಲ. ನಾಲ್ಕನೆಯ ಸಲ ಬಂಟ್ವಾಳದ ಕಡೆಯ ತೋಟವೊಂದರಲ್ಲಿ ಮದ್ದು ಬಿಡುವವರ ಕೈಯನ್ನಷ್ಟೇ ಹಿಡಿದೆ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ನಂತರ ಅವರು ಸೊಂಟದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಎತ್ತಿ, ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಅಂಚಿನಲ್ಲಿ ತಾಮ್ರದ ಕೆಂಪು ಕೂತಿತ್ತು, ಅಂದರೆ ದ್ರಾವಣದಲ್ಲಿ ಇನ್ನೂ ಆಮ್ಲತೆಯಿತ್ತು. ಏನೂ ಹೇಳದೆ ಇನ್ನೊಂದು ಹಿಡಿ ಸುಣ್ಣ ಕಲಸಿ ಹಾಕಿದರು. ಆಮ್ಲತೆಯ ಪಾಠವೆಲ್ಲ ಆ 11 ಸೆಕೆಂಡಿನಲ್ಲಿ ಮುಗಿಯಿತು. ಈ ಶಿಲೀಂಧ್ರವು ಮಳೆಗಾಲದಲ್ಲೇ ಏಕೆ ಹಬ್ಬುತ್ತದೆ ಎಂಬುದನ್ನು ಆಮೇಲೆ ಎರಡು ವಾಕ್ಯಗಳಲ್ಲಿ ಹೇಳಿದೆ.

ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಉಡುಪಿ
ಕ್ಷಮಿಸಿ, ಕೊಳೆರೋಗ ತರುವ ಫೈಟಾಫ್ತೊರಾ ಶಿಲೀಂಧ್ರವಲ್ಲ. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ, ಶಿಲೀಂಧ್ರಗಳ ಭಿತ್ತಿಯಂತೆ ಅದು ಕೈಟಿನ್‌ನಿಂದ ಆದದ್ದಲ್ಲ. ಅದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. 31 ವರ್ಷ ತರಗತಿಯಲ್ಲಿ ತಿದ್ದಿದ ತಪ್ಪನ್ನು ವಿಜ್ಞಾನಿಯೇ ವಿಡಿಯೊದಲ್ಲಿ ಹಬ್ಬಿಸಿದರೆ ಅದಕ್ಕೆ ಯಾವ ಮದ್ದು?

ಸಸ್ಯರೋಗ ವಿಜ್ಞಾನಿ, ಮಂಗಳೂರು
ಸರ್, ಅದು ನನಗೂ ಗೊತ್ತು. ಕೃಷಿಕರ ಬಾಯಲ್ಲಿ ಅದು ಶಿಲೀಂಧ್ರವೇ. ತೋಟದಲ್ಲಿ ನಿಂತು ಕೋಶಭಿತ್ತಿಯ ವಿಚಾರ ತೆಗೆದರೆ ಸಿಂಪಡಣೆಯ ಹೊತ್ತು ಮೀರಿಹೋಗುತ್ತದೆ.

ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಉಡುಪಿ
ಈಜುವ ಬೀಜಾಣುಗಳಿಗಿಂತ ಒಳ್ಳೆಯ ಕಥೆ ನಿಮಗೆ ಬೇರೆ ಬೇಕಿತ್ತೇ? ಮಳೆಯೇ ಏಕೆ ಬೇಕು ಎಂಬುದಕ್ಕೆ ಉತ್ತರ ಅದರಲ್ಲೇ ಇತ್ತು. ನೀವು ಸುಲಭದ ದಾರಿ ಹಿಡಿದಿರಿ, ಅಷ್ಟೆ.

ವಿಡಿಯೊ ವೃತ್ತಿಯವನು, ಮಂಗಳೂರು
ಮದುವೆ ವಿಡಿಯೊದವರ ಬಗ್ಗೆ ಬರೆದ ಅಧ್ಯಾಪಕರಿಗೆ ಒಂದು ಮಾತು. ನನ್ನ ಬಳಿಗೂ ವಿಜ್ಞಾನಿಯೊಬ್ಬರು ಬಂದಿದ್ದರು. ಕಥೆ ಕೇಳಿದರೆ 64 ಸ್ಲೈಡುಗಳನ್ನು ಕಳುಹಿಸಿದರು. ಏಳು ಸಲ ತಿದ್ದುಪಡಿಯಾಯಿತು. ಪ್ರತಿ ಸಲವೂ 'ಆದರೆ', 'ಕೆಲವು ಸಂದರ್ಭಗಳಲ್ಲಿ' ಎಂಬ ಮಾತುಗಳು ಹೆಚ್ಚಿದವೇ ಹೊರತು ಒಂದು ವಾಕ್ಯವೂ ಕಡಿಮೆಯಾಗಲಿಲ್ಲ. ಬಾಕಿ 9,000 ರೂಪಾಯಿ ಈವರೆಗೂ ಬಂದಿಲ್ಲ. ಸೂರ್ಯಾಸ್ತ ಇಟ್ಟದ್ದು ತಪ್ಪೆನ್ನುವವರು, ಯಾವ 40 ಸೆಕೆಂಡು ಮುಖ್ಯವೆಂದು ಮೊದಲೇ ಬರೆದುಕೊಟ್ಟಿದ್ದರೇ?

ಭೂವಿಜ್ಞಾನ ಅಧ್ಯಾಪಕ, ಉಡುಪಿ
ಬರೆದು ಕೊಟ್ಟಿದ್ದೆ. ನಾಲ್ಕು ಪುಟ.

ವಿಡಿಯೊ ವೃತ್ತಿಯವನು, ಮಂಗಳೂರು
ಅದನ್ನೇ ನಾನು ಹೇಳುತ್ತಿರುವುದು ಮಾರಾಯ್ರೇ.

ಸಮುದ್ರ ಜೀವಶಾಸ್ತ್ರ ವಿದ್ಯಾರ್ಥಿ, ಸುರತ್ಕಲ್
ಭಾಷೆಯ ಮಾತನ್ನು ಯಾರೂ ಎತ್ತಲಿಲ್ಲ. ನಾವು ಗ್ರಾಂಥಿಕ ಕನ್ನಡದಲ್ಲಿ ಮಾಡಿದ ವಿಡಿಯೊವನ್ನು ಮೀನು ಇಳಿಸುವ ದಕ್ಕೆಯಲ್ಲಿ ತೋರಿಸಿದಾಗ, ಮೀನು ಮಾರುವ ಅಕ್ಕ ಒಬ್ಬರು ಪೂರ್ತಿ ನೋಡಿ, ಚೆನ್ನಾಗಿದೆ, ವಾರ್ತೆಯ ಹಾಗೆ ಇದೆ ಎಂದರು. ಅದು ಹೊಗಳಿಕೆಯಲ್ಲವೆಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಅದೇ ಚಿತ್ರಗಳಿಗೆ ತುಳುವಿನಲ್ಲಿ ಧ್ವನಿ ಕೊಟ್ಟೆವು. ಅದಾದ ಮೇಲೆ ಬ್ಯಾರಿಯಲ್ಲಿ ಏಕಿಲ್ಲ, ಕೊಂಕಣಿಯಲ್ಲಿ ಏಕಿಲ್ಲ ಎಂಬ ಜಗಳ ಆರಂಭವಾಯಿತು.

ಪ್ರಶ್ನೆ ಕೇಳಿದವಳು
ಎಲ್ಲರಿಗೂ ಧನ್ಯವಾದ. 40,000 ರೂಪಾಯಿಯ ವಿಚಾರ ಹಾಗೆಯೇ ಉಳಿಯಿತು. ಮೈಕಿನ ಆ ತುಪ್ಪಳದ ಹೊದಿಕೆಯಾದರೂ ಇಲ್ಲಿ ಎಲ್ಲಿ ಸಿಗುತ್ತದೆ?

ಸಸ್ಯರೋಗ ವಿಜ್ಞಾನಿ, ಮಂಗಳೂರು
ಹಂಪನಕಟ್ಟೆಯ ಕಡೆ ವಿಚಾರಿಸಿ. ನಿವೃತ್ತ ಉಪನ್ಯಾಸಕರ ಗಮನಕ್ಕೆ: ವಿಡಿಯೊದ ಕೆಳಗಿನ ವಿವರಣೆಯಲ್ಲಿ 'ಶಿಲೀಂಧ್ರವನ್ನು ಹೋಲುವ ಜೀವಿ' ಎಂದು ತಿದ್ದಿದ್ದೇನೆ.

ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಉಡುಪಿ
ವಿವರಣೆಯನ್ನು ಯಾರು ಓದುತ್ತಾರೆ?