ಬಸಿರಿನಲ್ಲಿ ಫಿಟ್ಸ್ ಮಾತ್ರೆ, ಮಗುವಿಗೆ ಬೆನ್ನುಹುರಿ ದೋಷ: ಕೇಸು ಯಾರ ಮೇಲೆ, ಎಲ್ಲಿ?

ಪ್ರಶ್ನೆ (ಡೊಂಬಿವಲಿ):
ಎಲ್ಲರಿಗೂ ನಮಸ್ಕಾರ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ನನ್ನ ತಮ್ಮನ ಹೆಂಡತಿಗೆ ಮದುವೆಗೆ ಮುಂಚಿನಿಂದಲೂ ಫಿಟ್ಸ್. ಇಲ್ಲಿನ ಖಾಸಗಿ ನ್ಯೂರಾಲಜಿಸ್ಟ್ ದಿನಕ್ಕೆ 1000 ಮಿ.ಗ್ರಾಂ ಸೋಡಿಯಂ ವ್ಯಾಲ್‌ಪ್ರೊಯೇಟ್ ಕೊಡುತ್ತಿದ್ದರು. ಬಸಿರಿನಲ್ಲೂ ಅದೇ ನಡೆಯಿತು. ಹೆರಿಗೆ ಆದದ್ದು ತವರಲ್ಲಿ, ಉಡುಪಿಯ ಖಾಸಗಿ ಆಸ್ಪತ್ರೆಯಲ್ಲಿ. ಮಗುವಿಗೆ ಸ್ಪೈನಾ ಬೈಫಿಡಾ (ಬೆನ್ನುಹುರಿ, ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಳ್ಳದ ಹುಟ್ಟುದೋಷ) ಇದೆ, ಈಗ 14 ತಿಂಗಳು. ಮಾತ್ರೆಯಿಂದ ಆಗಿರಬಹುದು ಅಂತ ಮಕ್ಕಳ ಡಾಕ್ಟರು ಹೇಳುತ್ತಾರೆ. ಔಷಧ ಕಂಪನಿಯ ಮೇಲೆ ಕೇಸು ಹಾಕಬಹುದಾ? ಅದಕ್ಕೆ ಉಡುಪಿಗೆ ಓಡಾಡಬೇಕಾ?

ಉತ್ತರ (ಔಷಧಶಾಸ್ತ್ರ ವೈದ್ಯರು, ಪರೇಲ್):
ವ್ಯಾಲ್‌ಪ್ರೊಯೇಟಿಗೂ ಈ ದೋಷಕ್ಕೂ ನಂಟಿದೆ ಎಂಬುದರಲ್ಲಿ ತಕರಾರಿಲ್ಲ. ತಾಯಿ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ 100 ಮಕ್ಕಳಲ್ಲಿ 1-2ಕ್ಕೆ ನರನಾಳ (ಭ್ರೂಣದಲ್ಲಿ ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ) ಪೂರ್ತಿ ಮುಚ್ಚುವುದಿಲ್ಲ; ಸ್ಪೈನಾ ಬೈಫಿಡಾ ಇದರದೇ ಒಂದು ಬಗೆ. ಎಲ್ಲ ಬಗೆಯ ದೊಡ್ಡ ದೋಷ ಸೇರಿಸಿದರೆ 100ಕ್ಕೆ ಸುಮಾರು 10. ಯಾವ ಮಾತ್ರೆಯೂ ಇಲ್ಲದ ಬಸಿರಿನಲ್ಲೂ 100ಕ್ಕೆ 2-3 ಇದ್ದೇ ಇದೆ, ಎದುರಿನವರು ಹಿಡಿದುಕೊಳ್ಳುವುದು ಇದನ್ನೇ. ಡೋಸ್ ಏರಿದಷ್ಟೂ ಅಪಾಯ ಏರುತ್ತದೆ. 1000 ಸಣ್ಣ ಡೋಸಲ್ಲ.

ಮುಖ್ಯವಾದದ್ದು ತಾರೀಕು. ನರನಾಳ ಮುಚ್ಚುವುದು ಗರ್ಭ ನಿಂತ ಸುಮಾರು 28 ದಿನಕ್ಕೆ, ಕೊನೆಯ ಮುಟ್ಟಿನಿಂದ ಎಣಿಸಿದರೆ 6 ವಾರಕ್ಕೆ. ಮುಟ್ಟು ತಪ್ಪಿತೆಂದು ಕಿಟ್ ತಂದು ನೋಡುವ ಹೊತ್ತಿಗೆ ಆಗುವುದು ಬಹುಪಾಲು ಆಗಿಹೋಗಿರುತ್ತದೆ. ಆದ್ದರಿಂದ 'ಐದನೇ ತಿಂಗಳಲ್ಲಿ ಯಾಕೆ ನಿಲ್ಲಿಸಲಿಲ್ಲ' ಎಂದು ವಾದಿಸಿ ಪ್ರಯೋಜನವಿಲ್ಲ. ಥಟ್ಟನೆ ನಿಲ್ಲಿಸಿದ್ದರೆ ಫಿಟ್ಸ್ ಹೆಚ್ಚಿ ತಾಯಿಯ ಜೀವಕ್ಕೇ ಅಪಾಯ ಬರಬಹುದಿತ್ತು. ಕೇಳಬೇಕಾದ್ದು ಬಸಿರಿಗೆ ಮುಂಚಿನ ಮಾತು: ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಿಗೆ ಈ ಅಪಾಯ ತಿಳಿಸಿದ್ದರೇ? ಫಿಟ್ಸ್‌ನ ಬೇರೆ ಮಾತ್ರೆಗಳಾದ ಲ್ಯಾಮೊಟ್ರಿಜಿನ್ ಅಥವಾ ಲೆವೆಟಿರಾಸಿಟಮ್ ಒಗ್ಗುತ್ತದೋ ಎಂದು ನೋಡಿದ್ದರೇ? ನರನಾಳದ ದೋಷ ತಡೆಯಲೆಂದು ಕೊಡುವ ವಿಟಮಿನ್, ಫೋಲಿಕ್ ಆಸಿಡ್ 5 ಮಿ.ಗ್ರಾಂ ಬರೆದಿದ್ದರೇ?

ತಾಯಿಯ ಸಕ್ಕರೆ ಕಾಯಿಲೆ, ಮನೆತನದಲ್ಲಿ ಇಂಥದೇ ದೋಷ, ಇವೂ ಕಾರಣವಾಗಬಲ್ಲವು. ಬಸಿರಿನ ಮೊದಲ ತಿಂಗಳುಗಳ ರಕ್ತಪರೀಕ್ಷೆಯ ರಿಪೋರ್ಟ್ ಎತ್ತಿಡಿ, ಸಕ್ಕರೆ ಕಾಯಿಲೆಯನ್ನು ತಳ್ಳಿಹಾಕಲು ಬೇಕು. ಎರಡನೇ ಮಗುವಿನ ಯೋಚನೆಯಿದ್ದರೆ ಮೊದಲು ನ್ಯೂರಾಲಜಿಸ್ಟ್ ಹತ್ತಿರ ಹೋಗಿ, ಮಾತ್ರೆಯನ್ನು ಸ್ವಂತವಾಗಿ ಬಿಡಬೇಡಿ.

ಉತ್ತರ (ವಕೀಲರು, ಠಾಣೆ):
ಕಂಪನಿಯನ್ನು ಹಿಡಿಯುವುದು ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಂ ಪ್ರಕಾರ ಸಾಕಷ್ಟು ಎಚ್ಚರಿಕೆ ಕೊಡದ ತಯಾರಕ ಹೊಣೆಗಾರ, ಸರಿ. ಆದರೆ ತಜ್ಞರ ಮೂಲಕವೇ ಕೊಡಬೇಕಾದ ವಸ್ತುವಾಗಿದ್ದು, ಆ ತಜ್ಞರಿಗೆ ಎಚ್ಚರಿಕೆ ತಲುಪಿಸಿದ್ದರೆ ಸಾಕು ಎಂದು 87ನೇ ಕಲಂ ಅವನನ್ನು ಬಿಡುತ್ತದೆ. ವ್ಯಾಲ್‌ಪ್ರೊಯೇಟ್ ಪೊಟ್ಟಣದ ಕಾಗದದಲ್ಲಿ ಬಸಿರಿನ ಎಚ್ಚರಿಕೆ ಇರುತ್ತದೆ, ಹಾಗಾಗಿ ಭಾರ ಬರೆದುಕೊಟ್ಟ ಡಾಕ್ಟರ ಮೇಲೆ ಬೀಳುತ್ತದೆ. ಸ್ಟ್ರಿಪ್, ಬ್ಯಾಚ್ ನಂಬರ್ ಇರುವ ಬಿಲ್ ಇಟ್ಟುಕೊಳ್ಳಿ, ಕೆಮಿಸ್ಟ್ ನಡುವೆ ಬ್ರ್ಯಾಂಡ್ ಬದಲಿಸಿದ್ದರೆ ಗೊತ್ತಾಗಲಿ.

ಉಡುಪಿಗೆ ಹೋಗಬೇಕಿಲ್ಲ. ದೂರುದಾರ ವಾಸವಿರುವ ಕಡೆಯೇ ದಾಖಲಿಸಬಹುದು (34ನೇ ಕಲಂ). ಡೊಂಬಿವಲಿಗೆ ಠಾಣೆ ಜಿಲ್ಲಾ ಗ್ರಾಹಕ ಆಯೋಗ. ಕೇಳುವ ಪರಿಹಾರ ಕೋಟಿಯಿದ್ದರೂ ಯಾವ ಹಂತದ ಆಯೋಗ ಎಂದು ನಿರ್ಧಾರವಾಗುವುದು ಚಿಕಿತ್ಸೆಗೆ ನೀವು ಕೊಟ್ಟ ಹಣದ ಮೇಲೆ. 50 ಲಕ್ಷದವರೆಗೆ ಜಿಲ್ಲೆಯೇ. ಕೊಟ್ಟದ್ದು 5 ಲಕ್ಷ ದಾಟದಿದ್ದರೆ ಫೀ ಇಲ್ಲ. ಉಡುಪಿಯ ಕಾಗದ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಲಗತ್ತಿಸಿ.

ವಾಯಿದೆ 2 ವರ್ಷ. ಹುಟ್ಟಿದ ದಿನದಿಂದಲೇ ಎದುರಿನವರು ಎಣಿಸುತ್ತಾರೆ, ಅಂದರೆ ಕೈಯಲ್ಲಿರುವುದು 10 ತಿಂಗಳು. ತಡ ಮನ್ನಿಸಲು ಅರ್ಜಿಗೆ ಅವಕಾಶವಿದ್ದರೂ ಅದನ್ನು ನೆಚ್ಚಿ ಕೂರಬೇಡಿ. ಮಗುವನ್ನೂ ದೂರುದಾರನನ್ನಾಗಿ ಮಾಡಿ, ತಂದೆ ಪಾಲಕ. ಮಗುವೂ ಪೋಷಕರೂ ಇಬ್ಬರೂ ಗ್ರಾಹಕರೇ ಎಂದು ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ (1998) ಸುಪ್ರೀಂ ಕೋರ್ಟ್ ಹೇಳಿದೆ. ಅಂದಹಾಗೆ, 'ಗೆದ್ದರೆ ಮೂರನೇ ಒಂದು ಪಾಲು' ಎನ್ನುವ ಅಮೆರಿಕದ ಜಾಹೀರಾತು ನೋಡಿ ಇಲ್ಲಿಯ ವಕೀಲರನ್ನು ಕೇಳಬೇಡಿ. ಆ ಒಪ್ಪಂದ ನಮಗೆ ನಿಷಿದ್ಧ.

ಪ್ರಶ್ನೆ (ಡೊಂಬಿವಲಿ):
ಕೇಸ್ ಪೇಪರಿನಲ್ಲಿ ಪ್ರತಿ ಭೇಟಿಗೂ ತಾರೀಕು, ಕೆಳಗೆ 'ಸಿಎಸ್‌ಟಿ' ಅಷ್ಟೇ ಇದೆ. ಇದು ಉಪಯೋಗಕ್ಕೆ ಬರುತ್ತದಾ?

ಉತ್ತರ (ವಕೀಲರು, ಠಾಣೆ):
ತುಂಬ. ಮುಂಬೈನ ರೈಲ್ವೆ ಸ್ಟೇಷನ್ ಅಲ್ಲ ಅದು, 'ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್', 'ಹಿಂದಿನ ಮಾತ್ರೆಯೇ ಮುಂದುವರಿಸಿ' ಎಂದು. 'ಬಾಯಲ್ಲಿ ಹೇಳಿದ್ದೆ' ಎಂದು ಡಾಕ್ಟರು ಹೇಳೇ ಹೇಳುತ್ತಾರೆ. ಮದುವೆಯ ನಂತರದ ಭೇಟಿಗಳಲ್ಲೂ ಬರೇ ಈ ಮೂರಕ್ಷರ ಇದ್ದರೆ ಆ ಮಾತು ನಿಲ್ಲುವುದು ಕಷ್ಟ. ಓಪಿಡಿ (ಹೊರರೋಗಿ) ಕಾಗದ ನಿಮ್ಮ ಕೈಯಲ್ಲಿರುವುದೇ ಆಧಾರ: ಮೂಲಪ್ರತಿ ಯಾರಿಗೂ ಕೊಡಬೇಡಿ, ಅದರ ಮೇಲೆ ಏನೂ ಬರೆಯಬೇಡಿ. ಉಡುಪಿಯ ಒಳರೋಗಿ ಫೈಲಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು, 3 ವರ್ಷ ಇಟ್ಟಿರಬೇಕು.

ಇನ್ನೊಂದು: 18-20 ವಾರದ ಸೋನೋಗ್ರಫಿ ಆಗಿತ್ತೇ? ಬೆನ್ನುಮೂಳೆ 'ನಾರ್ಮಲ್' ಎಂದು ಬರೆದಿದ್ದರೆ ಫಿಲ್ಮ್ ಸಮೇತ ಬೇರೆ ರೇಡಿಯಾಲಜಿಸ್ಟ್‌ಗೆ ತೋರಿಸಿ. ಅದು ಬೇರೆಯೇ ಪ್ರಶ್ನೆ, ಬೇರೆ ಎದುರುದಾರ. ಮಾತ್ರೆಯ ಕೇಸಿಗಿಂತ ಅದೇ ಗಟ್ಟಿಯಾದರೂ ಆಗಬಹುದು.

ಪರಿಹಾರ ಕೇಳುವಾಗ ಬರೇ ಆಪರೇಷನ್ ಬಿಲ್ ಸಾಲದು. ಷಂಟ್ (ತಲೆಯಲ್ಲಿ ತುಂಬುವ ನೀರು ಹರಿಸುವ ನಳಿಕೆ) ಹಾಕಿದ್ದರೆ ಮುಂದೆ ಬದಲಿಸುವ ಖರ್ಚು, ದಿನಕ್ಕೆ ಎಷ್ಟು ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ), ಬೆಳೆದಂತೆ ಬದಲಾಗುವ ಕ್ಯಾಲಿಪರ್ (ಕಾಲಿಗೆ ಆಧಾರ ಕೊಡುವ ಕಟ್ಟು), ಫಿಸಿಯೋಥೆರಪಿ, ತಾಯಿ ಬಿಟ್ಟ ಕೆಲಸದ ಸಂಬಳ: ಇವನ್ನೆಲ್ಲ ವರ್ಷವಾರು ಲೆಕ್ಕ ಮಾಡಿ, ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಸಹಿ ಹಾಕಿಸಿ.