ಪವರ್ ಬಿಐ: ಪ್ರತಿ ತಿಂಗಳಿಗೂ ಇಡೀ ವರ್ಷದ ಟಾರ್ಗೆಟ್ ತೋರಿಸುತ್ತಿದೆ, ತಾರೀಖಿನ ಲಿಂಕ್ ಎಲ್ಲಿ ತಪ್ಪಿದೆ?

ಪ್ರಶ್ನೆ
ನಮಸ್ಕಾರ. ನಮ್ಮದು ಪಂಪ್‌ಸೆಟ್ ಮಾರುವ ಅಂಗಡಿ. ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ (ಡೇಟಾದಿಂದ ಚಾರ್ಟ್, ವರದಿ ಮಾಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಎರಡು ಟೇಬಲ್ ಇವೆ. ಒಂದು ‘ಬಿಲ್’. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಫೈಲ್) ಆಗಿ ತೆಗೆದದ್ದು, ದಿನಕ್ಕೆ ಹಲವು ಸಾಲು. ಇನ್ನೊಂದು ‘ಟಾರ್ಗೆಟ್’. ತಿಂಗಳಿಗೆ ಒಂದೇ ಸಾಲು, ತಾರೀಖು 01/04/2024, 01/05/2024 ಹೀಗೆ. ಎರಡನ್ನೂ ತಾರೀಖಿನ ಮೇಲೆ ಜೋಡಿಸಿದ್ದೇನೆ. ಚಾರ್ಟ್‌ನಲ್ಲಿ ಮಾರಾಟದ ಕಂಬಗಳು ಸರಿಯಾಗಿವೆ. ಟಾರ್ಗೆಟ್ ಗೆರೆ ಮಾತ್ರ ಮಟ್ಟಸವಾಗಿದೆ, ಪ್ರತಿ ತಿಂಗಳೂ ವರ್ಷದ ಒಟ್ಟು ಮೊತ್ತವನ್ನೇ ತೋರಿಸುತ್ತದೆ. ಕೆಳಗಿನ ಅಕ್ಷಕ್ಕೆ ಟಾರ್ಗೆಟ್ ಟೇಬಲ್‌ನ ತಾರೀಖು ಹಾಕಿದರೆ ಟಾರ್ಗೆಟ್ ಸರಿಹೋಗುತ್ತದೆ. ಆದರೆ ಮಾರಾಟವೆಲ್ಲ ‘ಬ್ಲಾಂಕ್’ (ಖಾಲಿ) ಅನ್ನುವ ಒಂದೇ ಕಂಬಕ್ಕೆ ಹೋಗುತ್ತದೆ.

ಉತ್ತರ
ನೀವು ಎರಡೂ ಕಡೆ ನೋಡಿ ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ.

ಮೊದಲನೆಯದು ಲಿಂಕ್‌ನ ದಿಕ್ಕು. ಟಾರ್ಗೆಟ್‌ನಲ್ಲಿ ಒಂದು ತಾರೀಖು ಒಂದೇ ಸಲ ಬರುತ್ತದೆ, ಬಿಲ್‌ನಲ್ಲಿ ಹಲವು ಸಲ. ಫಿಲ್ಟರ್ ‘ಒಂದು’ ಇರುವ ಕಡೆಯಿಂದ ‘ಹಲವು’ ಇರುವ ಕಡೆಗೆ ಹರಿಯುತ್ತದೆ. ಬಿಲ್‌ನ ತಾರೀಖನ್ನು ಅಕ್ಷಕ್ಕೆ ಹಾಕಿದಾಗ ಅದು ಟಾರ್ಗೆಟ್ ಟೇಬಲ್ಲನ್ನು ಮುಟ್ಟುವುದೇ ಇಲ್ಲ, ಅದಕ್ಕೇ ಒಟ್ಟು ಮೊತ್ತ. ಲಿಂಕನ್ನು ಎರಡೂ ದಿಕ್ಕಿಗೆ ಬದಲಾಯಿಸಿದರೆ ಸಾಕು ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಮಾಡಬೇಡಿ. ಬಿಲ್‌ನ 17ನೇ ತಾರೀಖಿಗೆ ಟಾರ್ಗೆಟ್‌ನಲ್ಲಿ ಜೋಡಿಯೇ ಇಲ್ಲ, ಅಲ್ವಾ?

ಈ ಎರಡರ ನಡುವಿನ ನೇರ ಲಿಂಕ್ ಅಳಿಸಿ. ಮಾಡೆಲಿಂಗ್ ಟ್ಯಾಬ್‌ನಲ್ಲಿ ನ್ಯೂ ಟೇಬಲ್ ಒತ್ತಿ, ಕ್ಯಾಲೆಂಡರ್ ಫಂಕ್ಷನ್‌ಗೆ 2024ರ ಏಪ್ರಿಲ್ 1 ಮತ್ತು 2025ರ ಮಾರ್ಚ್ 31 ಕೊಟ್ಟು ‘ದಿನಗಳು’ ಅನ್ನುವ ಟೇಬಲ್ ಮಾಡಿ. ಒಂದು ದಿನಕ್ಕೆ ಒಂದು ಸಾಲು, 365 ಸಾಲು. ಅದನ್ನು ‘ಮಾರ್ಕ್ ಆಸ್ ಡೇಟ್ ಟೇಬಲ್’ ಮಾಡಿ. ಅದರ ತಾರೀಖಿನಿಂದ ಬಿಲ್‌ನ ತಾರೀಖಿಗೆ ಒಂದು ಲಿಂಕ್, ಟಾರ್ಗೆಟ್‌ನ ತಾರೀಖಿಗೆ ಒಂದು ಲಿಂಕ್ ಹಾಕಿ. ಇನ್ನು ಮುಂದೆ ಚಾರ್ಟ್‌ನ ಅಕ್ಷಕ್ಕೆ ಬರುವ ತಿಂಗಳು ಈ ಟೇಬಲ್‌ನದ್ದೇ ಆಗಿರಬೇಕು.

ಡೇಟಾದಲ್ಲಿರುವ ತಾರೀಖುಗಳನ್ನು ನೋಡಿ ತಾನಾಗಿಯೇ ಕ್ಯಾಲೆಂಡರ್ ಮಾಡುವ ಕ್ಯಾಲೆಂಡರ್‌ಆಟೋ ಫಂಕ್ಷನ್ ಸುಲಭ ಅನ್ನಿಸುತ್ತದೆ. ಆದರೆ ಮಾಡೆಲ್‌ನಲ್ಲಿ (ಜೋಡಿಸಿದ ಟೇಬಲ್‌ಗಳಲ್ಲಿ) ಎಲ್ಲೋ ಗ್ರಾಹಕರ ಹುಟ್ಟಿದ ತಾರೀಖು ಇದ್ದರೆ ಅಲ್ಲಿಂದಲೇ ಎಣಿಸಲು ಶುರುಮಾಡುತ್ತದೆ. ನಾನಂತೂ ತಾರೀಖು ಕೈಯಲ್ಲೇ ಕೊಡುತ್ತೇನೆ.

ಎರಡನೆಯ ತೊಂದರೆ ನಿಮ್ಮ ‘ಬ್ಲಾಂಕ್’ ಕಂಬದಲ್ಲಿದೆ. ಪ್ರತಿ ತಿಂಗಳ 1ನೇ ತಾರೀಖಿನ ಬಿಲ್ಲುಗಳಾದರೂ ಟಾರ್ಗೆಟ್ ಜೊತೆ ಹೊಂದಬೇಕಿತ್ತು. ಅವೂ ಹೊಂದಿಲ್ಲ ಅಂದರೆ ಬಿಲ್‌ನ ತಾರೀಖಿಗೆ ಸಮಯವೂ ಅಂಟಿಕೊಂಡಿರುವ ಹಾಗಿದೆ. ಬೆಳಗ್ಗೆ 10:42ರ ಬಿಲ್, ಬರೀ ತಾರೀಖಿಗೆ ಸಮ ಅಲ್ಲ. ಪವರ್ ಕ್ವೆರಿಯಲ್ಲಿ (ಡೇಟಾ ಒಳಗೆ ಬರುವಾಗ ಅದನ್ನು ಸರಿಪಡಿಸುವ ಭಾಗ) ಆ ಕಾಲಮ್ ನೋಡಿ ಹೇಳಿ.

ಪ್ರಶ್ನೆ ಕೇಳಿದವರು
ಹೌದು ಸರ್, ಸಮಯ ಇದೆ! ಫಾರ್ಮ್ಯಾಟ್ ಬದಲಾಯಿಸಿ ಬರೀ ತಾರೀಖು ಕಾಣುವ ಹಾಗೆ ಮಾಡಿದೆ. ಆದರೂ ಬ್ಲಾಂಕ್ ಹೋಗಿಲ್ಲ.

ಉತ್ತರ
ಫಾರ್ಮ್ಯಾಟ್ ಕಣ್ಣಿಗೆ ಕಾಣುವುದನ್ನಷ್ಟೇ ಬದಲಿಸುತ್ತದೆ, ಒಳಗೆ ಸಮಯ ಹಾಗೇ ಇರುತ್ತದೆ. ಪವರ್ ಕ್ವೆರಿಯಲ್ಲೇ ಡೇಟಾ ಟೈಪನ್ನು ‘ಡೇಟ್/ಟೈಮ್’ನಿಂದ ‘ಡೇಟ್’ಗೆ ಬದಲಿಸಿ. ಆಗ ಹಳೆಯ ಹೆಜ್ಜೆಯನ್ನು ಬದಲಿಸಲೋ, ಹೊಸ ಹೆಜ್ಜೆ ಸೇರಿಸಲೋ ಅಂತ ಕೇಳುತ್ತದೆ. ಹೊಸ ಹೆಜ್ಜೆಯನ್ನೇ ಆರಿಸಿ. ಮೊದಲು ಸಮಯದ ಸಮೇತ ಓದಿಕೊಳ್ಳಲಿ, ಆಮೇಲೆ ಸಮಯ ಉದುರಲಿ.

ಇನ್ನೊಬ್ಬರು
ಇದೇ ಸಿಎಸ್‌ವಿಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುವುದಿದ್ದರೆ ಒಂದು ಎಚ್ಚರಿಕೆ. ಅಲ್ಲಿ ಪ್ರದೇಶ ಅಮೆರಿಕ ಅಂತ ಇದ್ದರೆ 04/05/2024 ಮೇ 4 ಆಗದೆ ಏಪ್ರಿಲ್ 5 ಆಗುತ್ತದೆ. 13ನೇ ತಾರೀಖಿನಿಂದ ಮುಂದಿನವು ಎರರ್ ಕೊಟ್ಟರೆ ಕಣ್ಣಿಗೆ ಬೀಳುತ್ತವೆ. 12ರ ತನಕದವು ಸುಮ್ನೆ ಬೇರೆ ತಿಂಗಳಿಗೆ ಸೇರಿಕೊಂಡುಬಿಡುತ್ತವೆ, ಅದೇ ಜಾಸ್ತಿ ಅಪಾಯ. ತಾನಾಗಿ ಬಂದ ‘ಚೇಂಜ್ಡ್ ಟೈಪ್’ ಹೆಜ್ಜೆ ಅಳಿಸಿ. ಕಾಲಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಟೈಪ್‌ನಲ್ಲಿ ‘ಯೂಸಿಂಗ್ ಲೊಕೇಲ್’ ತೆಗೆದು ಇಂಗ್ಲಿಷ್ (ಇಂಡಿಯಾ) ಆರಿಸಿ.

ಪ್ರಶ್ನೆ ಕೇಳಿದವರು
ಎರಡೂ ಮಾಡಿದೆ, ಬ್ಲಾಂಕ್ ಹೋಯಿತು. ಟಾರ್ಗೆಟ್ ಗೆರೆಯೂ ಈಗ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತಿದೆ. ತುಂಬಾ ಥ್ಯಾಂಕ್ಸ್! ತಿಂಗಳ ಹೆಸರು ಮಾತ್ರ ಅಕ್ಷರದ ಕ್ರಮದಲ್ಲಿ ಬರುತ್ತಿದೆ. ನಮಗೆ ಏಪ್ರಿಲ್‌ನಿಂದ ಮಾರ್ಚ್ ಬೇಕು.

ಉತ್ತರ
‘ದಿನಗಳು’ ಟೇಬಲ್‌ನಲ್ಲಿ ಇನ್ನೊಂದು ಕಾಲಮ್ ಸೇರಿಸಿ. ತಿಂಗಳ ಸಂಖ್ಯೆ 4 ಅಥವಾ ಜಾಸ್ತಿ ಇದ್ದರೆ 3 ಕಳೆಯಿರಿ, ಇಲ್ಲದಿದ್ದರೆ 9 ಕೂಡಿಸಿ. ಏಪ್ರಿಲ್‌ಗೆ 1, ಮಾರ್ಚ್‌ಗೆ 12 ಬರುತ್ತದೆ. ತಿಂಗಳ ಹೆಸರಿನ ಕಾಲಮ್ ಆರಿಸಿ, ‘ಸಾರ್ಟ್ ಬೈ ಕಾಲಮ್’ನಲ್ಲಿ ಇದನ್ನು ಕೊಡಿ.

ಚಾರ್ಟನ್ನು ದಿನದ ಮಟ್ಟಕ್ಕೆ ಇಳಿಸಿದರೆ ಟಾರ್ಗೆಟ್ ಪೂರ್ತಿ 1ನೇ ತಾರೀಖಿನ ಮೇಲೆಯೇ ಕೂರುತ್ತದೆ, ಆಗ ಗಾಬರಿ ಬೇಡ. ಟಾರ್ಗೆಟ್ ಇರುವುದು ತಿಂಗಳಿಗೆ, ಹೋಲಿಕೆಯೂ ತಿಂಗಳಿಗೇ ಇರಲಿ. ಮುಂದಿನ ಏಪ್ರಿಲ್ ಬಿಲ್ಲುಗಳು ಬರುವ ಮೊದಲು ಕ್ಯಾಲೆಂಡರ್‌ನ ಕೊನೆಯ ತಾರೀಖನ್ನು ಮುಂದಕ್ಕೆ ಹಾಕಿ, ಇಲ್ಲದಿದ್ದರೆ ಅವು ಮತ್ತೆ ಬ್ಲಾಂಕ್‌ಗೆ ಹೋಗುತ್ತವೆ.